ಮುಅಮ್ಮರ್ ಬೇ ಅವರ ಕಪ್ಪು ನಕ್ಷತ್ರ

ಮುಅಮ್ಮರ್ ಬೇ ನಡೆಯುವಾಗ ಎಡಗೈಯನ್ನು ಸದಾ ಎದೆಗೆ ಒತ್ತಿಕೊಂಡಿರುತ್ತಿದ್ದರು. ನಮ್ಮ ಉಸ್ಕುದಾರ್‌ನಿಂದ ಜಲಸಂಧಿಯ ಆಚೆ ದಡಕ್ಕೆ ಹೋಗುವ ದೋಣಿಯಲ್ಲಿ ಜನ ಅವರನ್ನು ಹೃದ್ರೋಗಿಯೆಂದು ತಿಳಿದು ಎದ್ದು ಜಾಗ ಬಿಡುತ್ತಿದ್ದರು. ಅವರು ಸಂಕೋಚದಿಂದ ಕುಳಿತು, ಕೊಟ್ಟ ಜಾಗಕ್ಕೆ ನ್ಯಾಯ ಸಲ್ಲಿಸುವವರಂತೆ ದಡ ಮುಟ್ಟುವ ತನಕ ಮೆಲ್ಲಗೆ ಏದುಸಿರು ಬಿಡುತ್ತಿದ್ದರು. ಆ ಕೈ ಕಾಯುತ್ತಿದ್ದದ್ದು ಹೃದಯವನ್ನಲ್ಲ. ಬೂದು ಕೋಟಿನ ಒಳಜೇಬು, ಜೇಬಿನೊಳಗೆ ಹತ್ತಿಬಟ್ಟೆಯ ಚೀಲ, ಚೀಲದೊಳಗೆ ಎಂದೋ ಸತ್ತುಹೋದ ಯಾವನೋ ಸೈನಿಕನ ಪದಕ. ಇವತ್ತು ಒಂದು, ನಾಳೆ ಇನ್ನೊಂದು. ಮನೆಯಲ್ಲೇ ಬಿಟ್ಟರೆ ಬೆಂಕಿ ಬಿದ್ದೀತು, ಭೂಮಿ ನಡುಗೀತು ಎಂಬ ಭಯ. ಜೊತೆಗೆ ಒಯ್ದರೆ ಕಳ್ಳರ ಭಯ. ಎರಡು ಭಯಗಳ ನಡುವೆ ಅವರು ದಿನಕ್ಕೊಂದು ಪದಕವನ್ನು ಗಾಳಿಸವಾರಿ ಮಾಡಿಸುತ್ತಿದ್ದರು. ಆದರೆ ಒಂದನ್ನೂ ತಮ್ಮ ಎದೆಗೆ ಚುಚ್ಚಿಕೊಂಡವರಲ್ಲ, ಕನ್ನಡಿಯ ಮುಂದೆ ಕೂಡ.

ಬದುಕಿನುದ್ದಕ್ಕೂ ಔಷಧದ ಅಂಗಡಿ ನಡೆಸಿದವರು. ಒಂದು ಪುಡಿಗೆ ಇನ್ನೊಂದು ಪುಡಿ ಸೋಕಬಾರದೆಂಬ ಆತಂಕ ಅವರ ಬೆರಳುಗಳಲ್ಲಿ ಉಳಿದುಬಿಟ್ಟಿತ್ತು. ಪದಕ ತೋರಿಸುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿ ಮಾತಾಡುವರು, ನಾವು ಗೆಳೆಯರು ನೋಡಲು ಬಗ್ಗಿದರೆ ಸಾಕು, "ಉಸಿರು! ಉಸಿರು!" ಎಂದು ಕೂಗುವರು. ಹಳೆಯ ಬೆಳ್ಳಿಯ ಮೇಲೆ ಕಾಲ ಕೂರಿಸಿದ ಕಪ್ಪನ್ನು ಒರೆಸುವುದು ಅವರ ಪಾಲಿಗೆ ಕೊಲೆ. ಫೆರಿಕೊಯ್‌ನ ಭಾನುವಾರದ ಸಂತೆಯಲ್ಲಿ ಹಳೆ ಸಾಮಾನು ಮಾರುವ ಗಾರ್ಬಿಸ್ ಒಮ್ಮೆ ಸುಲ್ತಾನರ ಕಾಲದ ಪದಕವೊಂದನ್ನು ಫಳಫಳ ಉಜ್ಜಿ ಮುಂದಿಟ್ಟಿದ್ದ. ಮುಅಮ್ಮರ್ ಬೇ ಹೆಣ ಕಂಡವರಂತೆ ನಿಂತರು.

"ಏನ್ ಮಾಡಿಟ್ಟೆಯೋ ಇದನ್ನ?"

"ತೊಳೆದೆ, ಇನ್ನೇನು. ಕೊಳೆಗೇ ದುಡ್ಡು ಕೊಡ್ತೀರಿ ಅಂತ ಗೊತ್ತಿದ್ರೆ ಬೀದಿ ಗುಡಿಸಿ ಮಾರ್ತಿದ್ದೆ, ಬೇಯವರೇ!"

"ಅದು ಕೊಳೆ ಅಲ್ಲ ಕಣೋ, ವಯಸ್ಸು. ನಿಮ್ಮಜ್ಜಿ ಮುಖದ ಸುಕ್ಕಿಗೂ ಇಸ್ತ್ರಿ ಹಾಕ್ತೀಯಾ?"

"ನಮ್ಮಜ್ಜಿ ಒಪ್ಪಿದ್ರೆ ಇವತ್ತೇ ಹಾಕ್ತೀನಿ!"

ಇಡೀ ಸಾಲು ನಕ್ಕಿತು. ಮುಅಮ್ಮರ್ ಬೇ ನಗಲಿಲ್ಲ. ಹಿಂತಿರುಗುವ ದೋಣಿಯಲ್ಲಿ ಅಂದು ಅವರ ಏದುಸಿರು ನಟನೆಯಾಗಿರಲಿಲ್ಲ.

ಅವರ ಎಲ್ಲ ಆತಂಕಗಳ ನಡುಮನೆಯಲ್ಲಿ ಇದ್ದದ್ದು ಒಂದು ನಕ್ಷತ್ರ. ಸುಲ್ತಾನರ ಕಾಲದ ಮಹಾಯುದ್ಧದಲ್ಲಿ, ಚನಕ್ಕಲೆಯ ರಣರಂಗದಲ್ಲಿ ಕಾದಾಡಿದ ಸೈನಿಕನಿಗೆ ಕೊಟ್ಟದ್ದು; ಐದು ತೋಳು, ಕೆಂಪು ಬಣ್ಣ ಅಲ್ಲಲ್ಲಿ ಚಕ್ಕೆಯೆದ್ದಿತ್ತು. ಅಂಥ ಪದಕಗಳ ಮೇಲೆ ಪಡೆದವನ ಹೆಸರು ಇರುವುದಿಲ್ಲ. ಈ ಒಂದರಲ್ಲಿ ಮಾತ್ರ ಕೆಳಗಿನ ತೋಳಿನ ಬೆಳ್ಳಿಯಂಚಿನ ಮೇಲೆ ಹೆಬ್ಬೆರಳಿನ ಆಕಾರದ ಕಪ್ಪು ಗುರುತೊಂದಿತ್ತು. ಆ ಸೈನಿಕ ದಿನವೂ ಅಲ್ಲೇ ಬೆರಳಿಟ್ಟು ಹಿಡಿದಿರಬೇಕು ಎಂದು ಮುಅಮ್ಮರ್ ಬೇ ನಂಬಿದ್ದರು. "ಹೆಸರು ಇಲ್ಲದಿದ್ರೆ ಏನಂತೆ ಹೋಜಾ, ಬೆರಳಿದೆಯಲ್ಲ," ಎನ್ನುತ್ತಿದ್ದರು. ಮೇಷ್ಟರಾದ್ದರಿಂದ ನಾನು ಎಲ್ಲರಿಗೂ ಹೋಜಾ. ಆ ಗುರುತಿನ ಮೇಲೆ ತಮ್ಮ ಹೆಬ್ಬೆರಳನ್ನು ಅವರು ಎಂದೂ ಇಟ್ಟದ್ದಿಲ್ಲ.

ಸಂತೆಯಲ್ಲಿ ಸಿಂಹದಂತೆ ವಾದಿಸುತ್ತಿದ್ದ ಈ ಮನುಷ್ಯ ತಮ್ಮ ಮನೆಯ ಬಾಲ್ಕನಿಗೆ ಹೆದರುತ್ತಿದ್ದರು. ಬೈರಾಮ್ ಹಬ್ಬಕ್ಕೆ ಮುಂಚೆ ನಮ್ಮೂರಿನ ಹೆಂಗಸರು ಮನೆಯನ್ನು ತಲೆಕೆಳಗು ಮಾಡಿ ತೊಳೆಯುತ್ತಾರೆ. ಜಮಖಾನೆಗಳು ಬಾಲ್ಕನಿಯ ಕಟಕಟೆಯ ಮೇಲೆ ಏರುತ್ತವೆ, ತಾಮ್ರ ಬೆಳ್ಳಿಗಳೆಲ್ಲ ಅಲ್ಲೇ ನಿಂಬೆಹಣ್ಣಿನ ಉಜ್ಜಾಟಕ್ಕೆ ಗುರಿಯಾಗುತ್ತವೆ. ಗಂಡಸರ ಹೆಸರಿಗೆ ಗೌರವದ ‘ಬೇ’ ಇದ್ದಂತೆ ಹೆಂಗಸರಿಗೆ ‘ಹಾನಿಮ್’; ಅವರ ಹೆಂಡತಿ ಬೆಹಿಜೆ ಹಾನಿಮ್ ಈ ಕೆಲಸದಲ್ಲಿ ಇಡೀ ಬೀದಿಗೆ ಸೇನಾಪತಿ. ಆದ್ದರಿಂದ ಪ್ರತಿವರ್ಷ ಹಬ್ಬ ಹತ್ತಿರವಾದಂತೆ ಮುಅಮ್ಮರ್ ಬೇ ಪದಕಗಳನ್ನೆಲ್ಲ ಒಂದು ಚರ್ಮದ ಪೆಟ್ಟಿಗೆಗೆ ತುಂಬಿ, ಊರು ಬಿಟ್ಟೋಡುವ ನಿರಾಶ್ರಿತನಂತೆ ನನ್ನ ಬಾಗಿಲಿಗೆ ಬರುತ್ತಿದ್ದರು.

"ಉಜ್ಜಬೇಡ ಅಂತ ಅವರಿಗೆ ಒಂದು ಮಾತು ಹೇಳಿಬಿಡಿ," ಎಂದೆ ಒಮ್ಮೆ.

"ಹಬ್ಬದ ಮುಂಚೆ ಬೆಹಿಜೆಗೆ ಉಜ್ಜಬೇಡ ಅನ್ನೋದಾ? ಹೋಜಾ, ಚನಕ್ಕಲೆಗೆ ಹೋದೋರಿಗೂ ಆ ಧೈರ್ಯ ಇರ್ತಿರಲಿಲ್ಲ!"

ಈ ವರ್ಷ ಪೆಟ್ಟಿಗೆ ಬರಲಿಲ್ಲ. ಇಷ್ಟು ಕಾಲ ಸುಳ್ಳು ಹೇಳಿದ್ದ ಎಡಗೈ ಕೊನೆಗೆ ನಿಜ ಹೇಳಿತ್ತು. ಹೃದಯ ಸೋತು ಆಚೆ ದಡದ ಆಸ್ಪತ್ರೆ ಸೇರಿದ್ದರು. ಹಬ್ಬದ ಹಿಂದಿನ ಬೆಳಿಗ್ಗೆ ನಾನು ಹೋದಾಗ ಮೂಗಿನ ನಳಿಗೆಯನ್ನು ಸರಿಸಿ ಹೇಳಿದ್ದು ಒಂದೇ ಮಾತು: "ಪೆಟ್ಟಿಗೆ ಮನೇಲೇ ಇದೆ. ಓಡಿ ಹೋಜಾ."

ಅರವತ್ತು ದಾಟಿದವನು ನಿಜವಾಗಿಯೂ ಓಡಿದೆ. ದೋಣಿಯಿಳಿದು ಉಸ್ಕುದಾರ್‌ನ ಏರುಬೀದಿ ಹತ್ತಿ ಬಾಗಿಲು ತಟ್ಟುವ ಮೊದಲೇ ನಿಂಬೆಯ ವಾಸನೆ ಮೂಗಿಗೆ ಬಡಿಯಿತು. ಬಾಲ್ಕನಿಯಲ್ಲಿ ಬಿಳಿ ತುಂಡುಬಟ್ಟೆಯ ಮೇಲೆ ಪದಕಗಳು ಮದುವೆಯ ಚಮಚೆಗಳಂತೆ ಸಾಲಾಗಿ ಹೊಳೆಯುತ್ತಿದ್ದವು. ನಕ್ಷತ್ರವೂ ಇತ್ತು. ಕೆಳಗಿನ ತೋಳು ಈಗ ಉಳಿದ ನಾಲ್ಕರಂತೆಯೇ ಇತ್ತು.

ಬೆಹಿಜೆ ಹಾನಿಮ್‌ರ ಬೆರಳ ತುದಿಗಳು ನಿಂಬೆರಸಕ್ಕೆ ಚರ್ಮ ಸುಲಿದು ಕೆಂಪಾಗಿದ್ದವು. "ನೋಡಿ ಹೋಜಾ! ಪಾಪ, ಇಷ್ಟು ವರ್ಷ ಇವನ್ನ ನಿಮ್ಮನೇಲಿ ಬಚ್ಚಿಡ್ತಿದ್ರು. ನಂಗೇನು ಗೊತ್ತಿಲ್ವಾ? ಇಷ್ಟು ಕಪ್ಪಾಗಿದಾವೆ, ಇವಳಿಗೆ ಇನ್ನೊಂದು ಕೆಲಸ ಯಾಕೆ ಅಂತ ಅವರ ಲೆಕ್ಕ. ಈ ಸಲ ಮಲಗಿದಾರೆ, ತಡೆಯೋರಿಲ್ಲ." ನಕ್ಷತ್ರವನ್ನು ಕಸೂತಿಯ ಕರವಸ್ತ್ರದಲ್ಲಿ ಸುತ್ತಿ, "ನಡೀರಿ, ನಾನೇ ಕೈಗೆ ಕೊಡ್ತೀನಿ," ಎಂದರು.

ದೋಣಿಯಲ್ಲಿ ಅವರ ಪಕ್ಕ ಕುಳಿತು ನಾನು ನೀರನ್ನೇ ನೋಡುತ್ತಿದ್ದೆ. ಹೇಳಿದರೆ ಈ ಹೆಂಗಸಿನ ಮನಸ್ಸು ಒಡೆಯುತ್ತದೆ; ಹೇಳದಿದ್ದರೆ ಆಚೆ ದಡದಲ್ಲಿ ಆ ದುರ್ಬಲ ಹೃದಯವನ್ನು ನಿಲ್ಲಿಸಲು ಈ ಹೊಳಪೇ ಸಾಕು. ಗಾರ್ಬಿಸನ ಪದಕದ ಮುಂದೆ ಅವರು ನಿಂತ ರೀತಿ ಕಣ್ಣಿಗೆ ಕಟ್ಟುತ್ತಿತ್ತು. ಹೇಳಿಬಿಡೋಣವೆಂದು ಆಕೆಯ ಕಡೆ ತಿರುಗುವಷ್ಟರಲ್ಲಿ ದೋಣಿ ದಡಕ್ಕೆ ತಾಗಿತು.

ಆಸ್ಪತ್ರೆಯಲ್ಲಿ ಆಕೆ ಕರವಸ್ತ್ರ ಬಿಡಿಸಿ ನಕ್ಷತ್ರವನ್ನು ಗಂಡನ ಅಂಗೈಯಲ್ಲಿಟ್ಟರು. ಮುಅಮ್ಮರ್ ಬೇ ನೋಡಿದರು. ಅದನ್ನು ತಿರುಗಿಸಲಿಲ್ಲ, ಕೂಗಲಿಲ್ಲ. ದೃಷ್ಟಿ ನಕ್ಷತ್ರದಿಂದ ಆ ಸುಲಿದ ಬೆರಳುಗಳಿಗೆ ಹೋಗಿ ಬಹಳ ಹೊತ್ತು ಅಲ್ಲೇ ನಿಂತಿತು.

"ನಿನ್ನ ಕೈಗೆ ಸುಖವಿರಲಿ, ಬೆಹಿಜೆ," ಎಂದರು. ಯಾರಾದರೂ ನಮಗಾಗಿ ಕೈಯಾರೆ ಏನಾದರೂ ಮಾಡಿದರೆ ನಾವು ಹೇಳುವ ಮಾತು. ಊಟದ ಮೇಲೆ, ಕ್ಷೌರದ ಮೇಲೆ, ದಿನಕ್ಕೆ ಹತ್ತು ಸಲ. ಅಷ್ಟು ಪೂರ್ತಿಯಾಗಿ ಯಾರೂ ಅದನ್ನು ಹೇಳಿದ್ದನ್ನು ನಾನು ಕೇಳಿಲ್ಲ.

"ಮೊದಲೇ ಉಜ್ಜೋಕೆ ಕೊಡಬಾರದಿತ್ತಾ? ಎಷ್ಟು ಚೆಂದ ಇದೆ!"

"ಹೌದು. ದಡ್ಡ ನಾನು." ನನ್ನ ಕಡೆ ಒಮ್ಮೆ ನೋಡಿದರು, ಬಾಯಿ ಬಿಟ್ಟೀರಿ, ಜೋಕೆ, ಎನ್ನುವ ನೋಟ. ಆಮೇಲೆ ಮೊದಲ ಬಾರಿಗೆ ಕೆಳಗಿನ ತೋಳಿನ ಮೇಲೆ ತಮ್ಮ ಹೆಬ್ಬೆರಳನ್ನು ಒತ್ತಿ, ಹಾಗೆಯೇ ಹಿಡಿದುಕೊಂಡು ಮಲಗಿದರು.

ಹಬ್ಬ ಮುಗಿಯುವುದರೊಳಗೆ ಅವರು ಹೋದರು. ನಕ್ಷತ್ರವನ್ನು ಬೆಹಿಜೆ ಹಾನಿಮ್ ನನಗೆ ಕೊಟ್ಟಿದ್ದಾರೆ, "ಮತ್ತೆ ಕಪ್ಪಾಗೋಕೆ ಬಿಡಬೇಡಿ" ಎಂದು. ಆಗಲಿ ಎಂದು ಒಪ್ಪಿಕೊಂಡೆ. ಹೊಸದಾಗಿ ಉಜ್ಜಿದ ಬೆಳ್ಳಿ ಬೆರಳಿನ ಬೆವರಿಗೆ ಬೇಗ ಕಪ್ಪಾಗುತ್ತದೆಯಂತೆ. ಮೊನ್ನೆ ಚೀಲ ಬಿಚ್ಚಿದರೆ, ಕೆಳಗಿನ ತೋಳಿನ ಮೇಲೆ ಹೆಬ್ಬೆರಳಿನಷ್ಟಗಲ ಮಬ್ಬು ಕವಿಯತೊಡಗಿತ್ತು. ಮುಖ ತಿರುಗಿಸಿಕೊಂಡು ಉಸಿರು ಬಿಟ್ಟೆ.

ಪರರ ಶೌರ್ಯವನ್ನು ಕಾಯುತ್ತ ಕೂರುವವರನ್ನು ಲೋಕ ಅಂಜುಬುರುಕರೆಂದು ನಗುತ್ತದೆ. ನಗಲಿ. ಅವರು ಬೆಂಕಿಗೆ, ಕಳ್ಳರಿಗೆ, ಉಸಿರಿಗೆ, ನಿಂಬೆಹಣ್ಣಿಗೆ ಎಲ್ಲಕ್ಕೂ ಅಂಜುತ್ತಾರೆ. ಅಂಜಿ ಅಂಜಿ ಒಂದು ವಸ್ತುವನ್ನು ಬದುಕಿಡೀ ಉಳಿಸುತ್ತಾರೆ. ಆದರೆ ಅದು ಕೈತಪ್ಪಿದ ದಿನ, ತಪ್ಪಿಸಿದ ಕೈಯನ್ನೇ ಮೊದಲು ನೋಡುವವರೂ ಅವರಲ್ಲಿ ಇದ್ದಾರೆ. ಹಾಗೆ ನೋಡಿದ್ದಕ್ಕೆ ಯಾವ ಸುಲ್ತಾನನೂ ಪದಕ ಕೊಟ್ಟಿಲ್ಲ.