ಮೇಂಢಿ ಹೋಗಿ ಮೇಂದಿ

ಗಡಿಯಾಚೆಯ ಬಾಲಗಾಂವದ ಮಾಳಿಂಗರಾಯ ಮಹಿಳಾ ಬಚತ ಗಟದ ಅಧ್ಯಕ್ಷೆ ಸಾವಿತ್ರವ್ವನಿಗೆ ಬೇಕಾಗಿದ್ದದ್ದು ಒಂದೇ, ಉಣ್ಣೆ ಹಿಂಜುವ ಯಂತ್ರ. ಗಟವೆಂದರೆ ಉಳಿತಾಯದ ಸಂಘ; ಅದರ ಹೆಂಗಸರೆಲ್ಲ ಕುರಿ ಸಾಕುವ ಮನೆಯವರು. ಕೈಯಿಂದ ಹಿಂಜಿ ಹಿಂಜಿ ಅವರ ರಟ್ಟೆ ಸೋತಿತ್ತು. ನೆರೆಯ ಅಸಂಗಿ, ವಳಸಂಗದ ಕುರಿಯವರಂತೂ ಹಿಂಜುವವರೇ ಇಲ್ಲವೆಂದು ಕತ್ತರಿಸಿದ ಉಣ್ಣೆಯನ್ನು ಬೇಲಿಗೆ ಚೆಲ್ಲುತ್ತಿದ್ದರು. ಆ ಬೇಲಿ ಕಂಡಾಗಲೆಲ್ಲ ಸಾವಿತ್ರವ್ವನ ಹೊಟ್ಟೆ ಉರಿಯುತ್ತಿತ್ತು. ಯಂತ್ರವೊಂದು ಬಂದರೆ ಅಷ್ಟೂ ಉಣ್ಣೆ ಕಂಬಳಿಯಾಗುತ್ತದೆ, ಗಟದ ಮನೆಗಳಿಗೆ ವರ್ಷವಿಡೀ ಕೆಲಸ ಸಿಗುತ್ತದೆ.

ಸರಕಾರ ಕೊಡುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ತಾಲೂಕಿನ ಊರಾದ ಜತ್ತದಲ್ಲಿ ಆ ಪೂಜಾರಿಯ ಹೆಸರು ಅಪ್ಪಾಸಾಹೇಬ. ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ‘ಅನುದಾನ ಮಾರ್ಗದರ್ಶನ ಕೇಂದ್ರ’ ಎಂದು ಬೋರ್ಡು ತೂಗುಹಾಕಿಕೊಂಡು ಕೂತಿದ್ದ. ಯಾವ ಯೋಜನೆ ಯಾವ ಬಾಗಿಲಿಂದ ಬರುತ್ತದೆ, ಯಾವ ಬಾಗಿಲಿಂದ ವಾಪಸ್ ಹೋಗುತ್ತದೆ ಎಲ್ಲ ಅವನಿಗೆ ಬಾಯಿಪಾಠ. ಅವನ ಪಾಲಿಗೆ ಬರುವುದು ಮಾತ್ರ ಒಂದು ಸಲವೂ ವಾಪಸ್ ಹೋದದ್ದಿಲ್ಲ.

ಅವನಿಗೆ ಕೈಯಿಂದ ಬರೆಯುವ ರೂಢಿ ತಪ್ಪಿ ಹೋಗಿತ್ತು. ಮೊಬೈಲಿಗೆ ಬಾಯಲ್ಲಿ ಹೇಳುತ್ತಿದ್ದ, ಅದು ಬರೆದುಕೊಳ್ಳುತ್ತಿತ್ತು. ಅಲ್ಲಿಯ ಸರಕಾರಿ ಅರ್ಜಿಯೆಲ್ಲ ಮರಾಠಿಯಲ್ಲೇ. ಮರಾಠಿಯಲ್ಲಿ ಕುರಿಗೆ ಮೇಂಢಿ ಎನ್ನುತ್ತಾರೆ, ಕೈಗೆ ಹಚ್ಚುವ ಮೆಹಂದಿಗೆ ಮೇಂದಿ. ನಡುವಿನ ಫರಕು ಒಂದೇ ಅಕ್ಷರ, ಢ. ಅದು ನೆಟ್ಟಗೆ ಹೊರಡಬೇಕಾದರೆ ನಾಲಿಗೆ ಮಡಚಬೇಕು. ಅಪ್ಪಾಸಾಹೇಬನ ಬಾಯಿ ತುಂಬ ಎಲೆ ತಂಬಾಕು, ನಾಲಿಗೆ ಮಡಚಲು ಜಾಗವೆಲ್ಲಿ? ಅರ್ಜಿಯ ನೆತ್ತಿಯ ಮೇಲೆ ‘ಮೇಂದಿ ವ್ಯವಸಾಯ’, ಅಂದರೆ ಮೆಹಂದಿಯ ಧಂದೆ, ಎಂದು ಕೂತಿತು. ಕೆಳಗೆಲ್ಲ ಉಣ್ಣೆಯ ಮಾತೇ ಇತ್ತು. ಆದರೆ ಕಚೇರಿಯಲ್ಲಿ ಅಷ್ಟು ಕೆಳಗಿನವರೆಗೆ ಓದುವ ಪುಣ್ಯಾತ್ಮರು ಯಾರಿದ್ದಾರೆ?

ಈ ಮೊದಲು ಗ್ರಾಮಸೇವಕರ ಕೈಯಿಂದ ಬರೆಸಿ ಕಳಿಸಿದ ಕುರಿಯ ಅರ್ಜಿಗಳು ಎಲ್ಲಿ ಮಣ್ಣುಪಾಲಾದವೋ ದೇವರಿಗೇ ಗೊತ್ತು. ಇದಕ್ಕೆ ಮಾತ್ರ ಲಗೂನೇ ಮಂಜೂರಿ ಬಂತು. ಪತ್ರ ಓದಿಸಿ ಕೇಳಿದ ಸಾವಿತ್ರವ್ವ ಜತ್ತಕ್ಕೆ ಓಡಿದಳು.

“ಅಣ್ಣಾರ, ಇದೇನ್ರಿ ಅನಾಹುತ? ನಾವು ಕುರಿಯಾರು. ಮೇಂದಿ ಹಚ್ಚಾಕ ನಮಗೇನ್ ಬರ್ತದ?”

ಅಪ್ಪಾಸಾಹೇಬ ಕಿಟಕಿಯಿಂದಾಚೆ ಉಗುಳಿ ಬಂದು ನಕ್ಕ. “ಸುಮ್ಕಿರವಾ. ಕುರಿ ಅಂದಾಗ ಯಾರರೆ ಹೊಳ್ಳಿ ನೋಡಿದ್ರೇನು? ಮೇಂದಿ ಅಂದಕೂಡ್ಲೆ ಕೊಟ್ರು. ತಾ ಯಾವ ಹೆಸರಿನಾಗ ಬಂದೀನಿ ಅಂತ ರೊಕ್ಕಕ್ಕೇನ್ ಗೊತ್ತಿರ್ತದ? ಮದಲ ಬರ್ಲಿ, ಆಮ್ಯಾಲ ನಿನ್ನ ಯಂತ್ರ ತಗೊಂಡ್ರಾತು. ಸಾಂಗ್ಲಿಯಿಂದ ಮೇಡಮ್ ತಪಾಸಣಿಗೆ ಬರ್ತಾರ. ಅವತ್ತ ಎಲ್ಲಾರೂ ಕೈತುಂಬ ಮೇಂದಿ ಹಚ್ಗೊಂಡ ಕುಂದ್ರಿ. ಊರಾಗ ಒಂದ ಕುರೀನೂ ಕಾಣಬಾರ್ದ ನೋಡು!”

ಸಾವಿತ್ರವ್ವನಿಗೆ ಸುಳ್ಳು ಮೈಗೆ ಹತ್ತುವುದಿಲ್ಲ. ಆದರೂ ಬೇಲಿಯಲ್ಲಿ ಸಿಕ್ಕಿಕೊಂಡ ಉಣ್ಣೆ ಕಣ್ಮುಂದೆ ಬಂತು, ಹೂಂ ಅಂದಳು. ಕುರಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ತಪಾಸಣೆಯ ದಿನ ಗಂಡ ಲಗಮಣ್ಣ ಹಿಂಡನ್ನು ಅಸಂಗಿಯ ಕಡೆ ಹೊಡೆದುಕೊಂಡು ಹೋದ. ಸೊಸೆ ಕಾಜಲ್ ಮುನ್ನಾದಿನವೇ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ ಬೆರಳ ತುದಿಯವರೆಗೆ ಒತ್ತೊತ್ತಾಗಿ ಮೆಹಂದಿ ಮೆತ್ತಿದ್ದಳು. ಮದುವೆಯಲ್ಲೂ ಇಷ್ಟು ಕೆಂಪಾಗದ ಕೈಗಳು ಸರಕಾರಕ್ಕಾಗಿ ಕೆಂಪಾದವು.

ಅಪ್ಪಾಸಾಹೇಬನ ಜೊತೆ ಮೇಡಮ್ ಸುನಿತಾ ಬಂದರು. ಜತ್ತದಲ್ಲಿ ನೌಕರಿ ಮಾಡಿದ್ದವರು, ಕನ್ನಡ ತಿಳಿಯುತ್ತಿತ್ತು, ಆಡುವುದು ಮಾತ್ರ ಮರಾಠಿ. “ಬರ್ರಿ, ಕುಂದ್ರಿ” ಎಂದು ಸಾವಿತ್ರವ್ವ ತಾನೇ ನೂತ ಉಣ್ಣೆಯ ಕರಿಕಂಬಳಿ ಹಾಸಿದಳು. ಬಂದವರಿಗೆ ಕಂಬಳಿ ಹಾಸುವುದು ಆ ಮನೆಯ ರೂಢಿ. ಕುರಿಗಳನ್ನು ಅಡಗಿಸಿದ್ದ ಅಪ್ಪಾಸಾಹೇಬನಿಗೆ ಕಂಬಳಿಯ ನೆನಪಾಗಿರಲಿಲ್ಲ.

“ನಿಮ್ಮ ಧಂದೆ ಯಾವಾಗ ಜೋರು?” ಮೇಡಮ್ ಕೇಳಿದರು.

“ದೀಪಾವಳಿ ಮುಂದ ಕತ್ತರಸ್ತೀವ್ರಿ,” ಶಿವಲಿಂಗವ್ವ ಎನ್ನುವ ಮುದುಕಿ ಬಾಯಿಬಿಟ್ಟಳು.

“ಏನು ಕತ್ತರಿಸುತ್ತೀರಿ?”

“ಎಲಿ, ಎಲಿ! ಮೇಂದಿ ಎಲಿ ಕತ್ತರಸ್ತಾರ್ರಿ ಮೇಡಮ್,” ಎಂದು ಅಪ್ಪಾಸಾಹೇಬ ನಡುವೆ ಬಿದ್ದ. ಮೇಡಮ್ ಬರೆದುಕೊಂಡರು. ಎಲ್ಲರ ಕೈಗಳ ಫೋಟೋ ತೆಗೆದು, ‘ಗ್ರಾಮೀಣ ಪ್ರತಿಭೆ’ ಎಂದು ತಲೆದೂಗಿದರು. ಆಮೇಲೆ ಚೀಲದಿಂದ ಹೆಬ್ಬೆಟ್ಟಿನ ಯಂತ್ರ ತೆಗೆದರು. ಅಧ್ಯಕ್ಷೆಯ ಬೆರಳಿನ ಗುರುತು ಹತ್ತಿದರೆ ಅನುದಾನ ಬಿಡುಗಡೆ.

ಸಾವಿತ್ರವ್ವ ಹೆಬ್ಬೆಟ್ಟು ಒತ್ತಿದಳು. ಯಂತ್ರ ಒಲ್ಲೆ ಎಂದಿತು. ಇನ್ನೊಂದು ಬೆರಳು ಒತ್ತಿದಳು, ಅದಕ್ಕೂ ಒಲ್ಲೆ. ಬಣ್ಣ ಹೊಕ್ಕ ಬೆರಳಲ್ಲಿ ಗೆರೆ ಎಲ್ಲಿ ಕಾಣಬೇಕು? ಸೋಪು ಹಚ್ಚಿದರು, ಸೀಮೆಎಣ್ಣೆಯಲ್ಲಿ ತಿಕ್ಕಿದರು. ಅಪ್ಪಾಸಾಹೇಬ ಬುದ್ಧಿವಂತಿಕೆಯಿಂದ ತನ್ನ ಡಬ್ಬಿಯ ಸುಣ್ಣ ಕೊಟ್ಟ. ಸುಣ್ಣ ತಾಕಿದ್ದೇ ಮೆಹಂದಿ ಮತ್ತಷ್ಟು ಕಪ್ಪೇರಿತು.

“ಬಣ್ಣ ಬಿಟ್ಟ ಮೇಲೆ ಬನ್ನಿ,” ಎಂದರು ಮೇಡಮ್. “ಆದರೆ ಮಾರ್ಚ್ ಮುಗಿಯುತ್ತಿದೆ, ಅಷ್ಟರಲ್ಲಿ ಹಣ ವಾಪಸ್ ಹೋಗಿರುತ್ತದೆ. ಮೆಹಂದಿಯವರ ಗೋಳೇ ಇಷ್ಟು.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಾವಿತ್ರವ್ವ ಕರಿಬೆರಳುಗಳನ್ನು ನೋಡುತ್ತ ಕೂತಳು. ಯಂತ್ರವೂ ಇಲ್ಲ, ಆಡಿದ ಸುಳ್ಳಿಗೆ ಕೂಲಿಯೂ ಇಲ್ಲ. ನಾಚಿಕೆಯಿಂದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಹೊರಡಲು ಎದ್ದ ಮೇಡಮ್ ಬಗ್ಗಿ ಕಂಬಳಿಯನ್ನು ಸವರಿದರು. “ಅಸಲಿ ಉಣ್ಣೆ! ನನ್ನ ಅತ್ತೆಯ ಸೊಂಟನೋವಿಗೆ ಇಂಥದ್ದನ್ನು ಸಾಂಗ್ಲಿಯಲ್ಲಿ ಹುಡುಕಿ ಹುಡುಕಿ ಸಾಕಾಗಿದೆ. ಮಾಡುವವರೇ ಉಳಿದಿಲ್ಲ. ನಿಜ ಹೇಳಬೇಕೆಂದರೆ ಸರಕಾರ ಅನುದಾನ ಕೊಡಬೇಕಾದದ್ದು ಅಂಥವರಿಗೆ. ಯಾರು ಮಾಡಿದ್ದು ಇದು?”

ಹೆಂಗಸರೆಲ್ಲ ಅಧ್ಯಕ್ಷೆಯತ್ತ ನೋಡಿದರು. ಅಪ್ಪಾಸಾಹೇಬ ಆಗಲೇ ಕಂಬಳಿ ಮಡಚತೊಡಗಿದ್ದ. “ಒಯ್ರಿ ಮೇಡಮ್, ನಮ್ಮ ಕಡಿಂದ ಕಾಣಿಕಿ ಅಂತ ಒಯ್ರಿ. ಮುಂದಿನ ವರ್ಷ ನಮ್ಮ ಗಟದ ನೆನಪಿರ್ಲಿ.”

ಸಾವಿತ್ರವ್ವ ಎದ್ದು ಅವನ ಕೈಯಿಂದ ಕಂಬಳಿ ಕಸಿದುಕೊಂಡು ಹೆಗಲಿಗೆ ಹಾಕಿಕೊಂಡಳು.

“ಯಾರ್ ಮಾಡಿದ್ರೋ ನಮಗೇನ್ ಗೊತ್ರಿ ಮೇಡಮ್?” ಎಂದಳು. “ನಾವು ಮೇಂದಿ ಹಚ್ಚಾವ್ರು.”