ಒಂಬತ್ತನೇ ಕೊಳವೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಕ್ಕ ಹೇಳುತ್ತಾಳೆ. ಇರಲಿ. ಇಪ್ಪತ್ತೆರಡು ವರ್ಷದಿಂದ ನಾಲ್ಕು ಡಿಗ್ರಿ ಚಳಿಯ ಕೋಣೆಯಲ್ಲಿ ಕೂತು ಕೆಸರು ಕಾಯುವವಳಿಗೆ ಮೈ ಬೆಚ್ಚಗಿಡಲು ಏನಾದರೂ ಬೇಕಲ್ಲ. ಊರಿನ ಮೇಲ್ಭಾಗದಲ್ಲಿ ನದಿ ಹಾದುಬರುವ ದೊಡ್ಡ ಕೆರೆಯ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರು ಅದು. ಒಂದರ ಕೆಳಗೊಂದು ಆಳದಿಂದ ತೆಗೆದ ಒಂದೊಂದು ಕೊಳವೆಯೂ ಒಂದು ಮೀಟರ್ ಉದ್ದ. ಅದನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಂದು ಸೀಳನ್ನು ಪರೀಕ್ಷೆಗೆ ಕೊಡುತ್ತೇವೆ, ಇನ್ನೊಂದನ್ನು ಯಾರೂ ಮುಟ್ಟದಂತೆ ಕಪಾಟಿನಲ್ಲಿ ಕಾದಿಡುತ್ತೇವೆ. ಕಪಾಟಿನ ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ.

ಆ ಬೆಳಿಗ್ಗೆ ನನ್ನ ಕೋಪಕ್ಕೆ ಕಾರಣ ನಮ್ಮ ಸಂಸ್ಥೆಯ ನಿರ್ದೇಶಕರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಮೈಕಾಸುರ ಎನ್ನುತ್ತೇವೆ. ಮೈಕು ಕಂಡರೆ ಬಿಡುವ ಆಸಾಮಿಯಲ್ಲ. ಹಿಂದಿನ ದಿನ ಟಿವಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಹೇಳಿದ್ದರು: "ಹವಾಮಾನ ಅನ್ನೋದು ಯಾವಾಗ್ಲೂ ಬದಲಾಗ್ತಾನೇ ಬಂದಿದೆ ನೋಡಿ. ಆರು ಸಾವಿರ ವರ್ಷದ ಹಿಂದೇನೂ ಬಿಸಿ ಏರಿತ್ತು. ಆಗ ನೆರೆ ಕಮ್ಮಿ ಆಯ್ತು. ನಮ್ಮ ಕೆರೆ ಕೆಸರೇ ಹೇಳುತ್ತೆ. ಗಾಬರಿ ಬೇಡ."

ಬದಲಾಗಿದೆ ಮಹಾರಾಯರೇ, ಇಲ್ಲ ಅಂದವರು ಯಾರು? ಮಹಡಿಯಿಂದ ಮೆಟ್ಟಿಲಿಳಿದೂ ಕೆಳಗೆ ಬರಬಹುದು, ಕಾಲು ಜಾರಿ ಬಿದ್ದೂ ಬರಬಹುದು. ಆಗ ಒಂದು ಡಿಗ್ರಿ ಏರಲು ಸಾವಿರ ವರ್ಷ ಹಿಡಿದಿತ್ತು. ಅಷ್ಟನ್ನೇ ನಾವು ನಮ್ಮಜ್ಜಿ ಹುಟ್ಟಿ ಸಾಯುವಷ್ಟರಲ್ಲಿ ಮಾಡಿ ಮುಗಿಸಿದ್ದೇವೆ. ಹಳೇ ಕೆಸರನ್ನು ಓದುವುದು ಬಿಸಿ ಏರಿದಾಗ ಈ ನದಿ ಏನು ಮಾಡುತ್ತದೆ ಎಂದು ಮುಂಚೆಯೇ ತಿಳಿದುಕೊಳ್ಳಲು. ಜನರಿಗೆ ಜೋಗುಳ ಹಾಡಿ ಮಲಗಿಸಲು ಇಷ್ಟು ವರ್ಷ ಚಳಿಯಲ್ಲಿ ಕೂರುವ ಕರ್ಮ ನನಗೇನಿತ್ತು?

ಆ ದಿನ ಮಧ್ಯಾಹ್ನವೇ ನಗರಸಭೆಯಲ್ಲಿ ತೀರ್ಮಾನವಾಗುವುದಿತ್ತು. ನದಿಯ ತಡೆಗೋಡೆಯನ್ನು ಮೂರು ಮೀಟರ್ ಎತ್ತರಿಸಬೇಕು ಎಂದು ಇಂಜಿನಿಯರು ಎರಡು ವರ್ಷದಿಂದ ಬಡಿದುಕೊಳ್ಳುತ್ತಿದ್ದ. ಒಂದೇ ಮೀಟರ್ ಸಾಕು ಎಂದು ಅಧ್ಯಕ್ಷರ ಹಟ. ಅವರು ದಡದುದ್ದಕ್ಕೂ ವಿಹಾರದ ದಾರಿ ಮಾಡಿಸಿ, ಕಲ್ಲಿನ ಬೆಂಚು ಹಾಕಿಸಿ, ಅದರ ಮೇಲೆ ತಮ್ಮ ಹೆಸರು ಕೆತ್ತಿಸಿದ್ದರು. ಗೋಡೆ ಮೂರು ಮೀಟರ್ ಎದ್ದರೆ ಬೆಂಚಿನಲ್ಲಿ ಕೂತವರಿಗೆ ನದಿ ಕಾಣುವುದಿಲ್ಲವಂತೆ. ಬಿಸಿ ಏರಿದಾಗ ನೆರೆ ಕಮ್ಮಿಯಾಗಿತ್ತು ಎಂಬ ನಮ್ಮ ವರದಿ ಅವರ ಕೈಗೆ ಸಿಕ್ಕಿದ್ದು, ರೋಗಿ ಬಯಸಿದ್ದೂ ಹಾಲು ವೈದ್ಯ ಹೇಳಿದ್ದೂ ಹಾಲು ಎಂಬಂತಾಯಿತು.

ಗೋಡೆಯ ಹಿಂದೆ ತಗ್ಗಿನ ಬೀದಿಯಿದೆ. ಅಲ್ಲಿ ಮೂರನೇ ಮನೆ ನಮ್ಮಕ್ಕನದು. ಮುಂದಿನ ಕೋಣೆಯಲ್ಲಿ ಅವಳ ಎರಡು ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಭಾವನ ಮಂಚ. ಪಾರ್ಶ್ವವಾಯು ಹೊಡೆದು ನಾಲ್ಕು ವರ್ಷವಾಯಿತು; ಭಾವ ತಾನಾಗಿ ಮಗ್ಗುಲು ಬದಲಿಸಲಾರರು. ನೀರು ಒಳಗೆ ಬಂದರೆ ಅವರನ್ನು ಎತ್ತಿಕೊಂಡು ಓಡುವಷ್ಟು ಬಲ ಅಕ್ಕನಿಗಿಲ್ಲ.

ಹತ್ತು ಗಂಟೆಗೆ ಮೈಕಾಸುರರು ಬಾಗಿಲಲ್ಲೇ ನಿಂತು ಹೇಳಿದರು, "ಸಭೆಗೆ ಒಂದು ಚೆಂದದ ತುಂಡು ತನ್ನಿ. ಆ ಬಿಸಿಗಾಲದ್ದು. ಜನ ಕಣ್ಣಾರೆ ನೋಡ್ಲಿ."

ಆ ಕಾಲದ ಕೆಸರಿದ್ದದ್ದು ಒಂಬತ್ತನೇ ಕೊಳವೆಯಲ್ಲಿ. ಹನ್ನೊಂದು ವರ್ಷದಿಂದ ಯಾರೂ ಮುಟ್ಟದ ಸೀಳನ್ನು ಕಪಾಟಿನಿಂದಿಳಿಸಿ, ಮೇಜಿನ ಮೇಲಿಟ್ಟು, ಒಣಗಿದ ಮೇಲ್ಪದರವನ್ನು ಅಲಗಿನಿಂದ ಕೆರೆದೆ. ಪದರಗಳು ಹೊಳೆದವು. ತೆಳುವಾದವು ಸಾಮಾನ್ಯ ವರ್ಷಗಳದ್ದು. ದಪ್ಪಗಿರುವವು ನೆರೆಯವು. ನೆರೆ ಬಂದಾಗ ಮರಳು ಭಾರಕ್ಕೆ ಮೊದಲು ತಳ ಸೇರುತ್ತದೆ, ನಯವಾದ ಜೇಡಿಮಣ್ಣು ದಿನಗಟ್ಟಲೆ ತೇಲಿ ಆಮೇಲೆ ಅದರ ಮೇಲೆ ಕೂರುತ್ತದೆ. ಸಣ್ಣ ಮಕ್ಕಳೂ ಶೀಷೆಯಲ್ಲಿ ಮಾಡಿ ನೋಡಬಹುದಾದ ವಿಷಯ.

ನನ್ನೆದುರಿನ ಕೊಳವೆಯಲ್ಲಿ ಜೇಡಿ ಕೆಳಗಿತ್ತು, ಮರಳು ಮೇಲಿತ್ತು. ಒಂದು ಪದರದಲ್ಲಾಗಿದ್ದರೆ ಏನೋ ಎತ್ತೋ ಎನ್ನಬಹುದಿತ್ತು. ಹದಿನಾಲ್ಕು ನೆರೆಗಳಲ್ಲೂ ಹಾಗೆಯೇ ಇತ್ತು. ಕೊಳವೆ ಹನ್ನೊಂದು ವರ್ಷದಿಂದ ತಲೆಕೆಳಗಾಗಿ ಮಲಗಿತ್ತು.

ನನ್ನ ಪಿತ್ತ ನೆತ್ತಿಗೇರಿತು. ಯಾವ ಕೈಲಾಗದವನ ಕೆಲಸವಿದು! ನಮ್ಮಲ್ಲಿ ಒಂದೇ ಒಂದು ನಿಯಮ: ಕೊಳವೆ ನೀರಿನಿಂದ ಮೇಲೆದ್ದ ಕೂಡಲೇ, ಕೈ ಒರೆಸಿಕೊಳ್ಳುವುದಕ್ಕೂ ಮುಂಚೆ, ಮೇಲ್ತುದಿಗೆ ಕೆಂಪು ಮುಚ್ಚಳ, ಕೆಳತುದಿಗೆ ಕಪ್ಪು. ಇದನ್ನು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಬೈಯಲು ಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡೇ ಕೊಳವೆಯ ತುದಿ ನೋಡಿದೆ. ಎರಡೂ ಕಡೆ ಕಪ್ಪು ಮುಚ್ಚಳ. ಬದಿಯಲ್ಲಿ 'ಮೇಲೆ' ಎಂದು ಬರೆದು ಒಂದು ಬಾಣದ ಗುರುತು. ಅಕ್ಷರ ನನ್ನದು.

ಆಗ ನೆನಪಾಯಿತು. ಈ ಕೊಳವೆ ತೆಗೆದ ದಿನ ತೆಪ್ಪದ ಮೇಲೆ ಕೆಂಪು ಮುಚ್ಚಳ ಮುಗಿದಿತ್ತು. ಗಾಳಿ ಎದ್ದಿತ್ತು, ಎಲ್ಲರೂ ದಡಕ್ಕೆ ಅವಸರಿಸುತ್ತಿದ್ದರು. ಕಪ್ಪೇ ಹಾಕು, ಯಾವುದು ಮೇಲೆ ಎಂದು ನನಗೆ ಗೊತ್ತಲ್ಲ, ದಡದಲ್ಲಿ ಬರೆದರಾಯಿತು ಎಂದುಕೊಂಡೆ. ದಡದಲ್ಲಿ ಬರೆದೆ, ಅನುಮಾನವೇ ಇಲ್ಲದೆ ಬರೆದೆ. ಊರಿಗೆಲ್ಲ ಬುದ್ಧಿ ಹೇಳುವ ನಾನು! ಮೈಕಾಸುರನ ಮೇಲೆ ಸಿಟ್ಟಾಗುವುದು ಸುಲಭ, ಅದರಲ್ಲಿ ಒಂದು ಸುಖವೂ ಇದೆ. ಈ ಸಿಟ್ಟು ಎದೆಯೊಳಗೆ ಕೆಂಡದ ಹಾಗೆ ಕೂತಿತು, ಉಗುಳಲೂ ಆಗದು, ನುಂಗಲೂ ಆಗದು.

ಕೊಳವೆಯನ್ನು ಎತ್ತಿಕೊಂಡು ಪಕ್ಕದ ಕೋಣೆಯ ಗುಹೆಯಮ್ಮನ ಬಳಿ ಓಡಿದೆ. ಗುಹೆಗಳಲ್ಲಿ ನೀರು ತೊಟ್ಟಿಕ್ಕಿ ಬೆಳೆದ ಸುಣ್ಣದ ಕಂಬಗಳನ್ನು ಕೊಯ್ದು, ಯಾವ ಶತಮಾನದಲ್ಲಿ ಎಷ್ಟು ಬಿಸಿಯಿತ್ತು ಎಂದು ಹೇಳುವವಳು ಅವಳು. ಬಿಸಿಯ ಲೆಕ್ಕ ಅವಳ ಕಂಬದ್ದು, ನೆರೆಯ ಲೆಕ್ಕ ನನ್ನ ಕೆಸರಿನದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಮಾಡಿದ್ದೇ ಆ ವರದಿ. ಅವಳು ಪದರಗಳನ್ನು ನೋಡಿ ಕನ್ನಡಕ ತೆಗೆದಿಟ್ಟಳು.

"ಹನ್ನೊಂದು ವರ್ಷ ಯಾರಿಗೂ ಕಾಣ್ಲಿಲ್ವಾ?" ಎಂದಳು.

"ಮರಳು ಎಷ್ಟಿದೆ ಅಂತ ಯಂತ್ರ ನೋಡ್ತು. ಯಾವ ಕಡೆ ಕೂತಿದೆ ಅಂತ ನೋಡ್ಬೇಕಾಗಿದ್ದು ನಾವು. ಎಂಟು, ಹತ್ತನೇ ಕೊಳವೇಲಿ ಎಲೆ ಸಿಕ್ತು, ಅದರಿಂದ ಕಾಲ ಗೊತ್ತಾಯ್ತು. ಇದರಲ್ಲಿ ಏನೂ ಸಿಗ್ಲಿಲ್ಲ. ನನ್ನ ಬಾಣ ಇತ್ತಲ್ಲ, ನಂಬಿದ್ರು."

ಅವಳು ಒಂಬತ್ತನೇ ಕೊಳವೆಯ ಅಂಕಿಗಳನ್ನು ತಿರುಗಿಸಿ ಮತ್ತೆ ಲೆಕ್ಕ ಹಾಕಿದಳು. ಒಂದು ಗಂಟೆ ಹಿಡಿಯಿತು. ಕೊಳವೆಯ ಇನ್ನೊಂದು ತುದಿಯ ತಂಪು ಶತಮಾನಗಳಿಗೆ ಅಂಟಿಕೊಂಡಿದ್ದ ಹದಿನಾಲ್ಕು ನೆರೆಗಳಲ್ಲಿ ಹನ್ನೆರಡು ಎದ್ದು ಬಿಸಿಗಾಲಕ್ಕೆ ಬಂದು ಕೂತವು. ಬಿಸಿ ಏರಿದಂತೆ ಪದರ ದಪ್ಪವಾಗುತ್ತಾ ಹೋಗಿತ್ತು. ಪದರದ ದಪ್ಪದಿಂದ ನೀರಿನ ಎತ್ತರ ಅಂದಾಜು ಮಾಡುವ ವಿಧಾನ ನಮ್ಮ ವರದಿಯಲ್ಲೇ ಇತ್ತು. ಇಂಜಿನಿಯರು ಹೇಳಿದ ಮೂರು ಮೀಟರ್ ಕೂಡ ಕಷ್ಟದಲ್ಲಿ ಸಾಕಾಗುವ ಲೆಕ್ಕ ಅದು.

ಇಬ್ಬರೂ ಮೈಕಾಸುರರ ಕೋಣೆಗೆ ಹೋದೆವು. ಅವರು ಹಾಳೆ ನೋಡಿದರು, ಕೊಳವೆ ನೋಡಿದರು, ಕೊನೆಗೆ ನನ್ನ ಅಕ್ಷರ ನೋಡಿದರು. ಅವರಿಗೆ ಅರ್ಥವಾಗಲಿಲ್ಲ ಎನ್ನಲಾರೆ. ಎಷ್ಟಾದರೂ ಓದಿದವರು.

"ಸರಿ. ಮುಂದಿನ ವರ್ಷದ ವರದೀಲಿ ತಿದ್ದುಪಡಿ ಹಾಕೋಣ," ಎಂದರು.

"ಗೋಡೆ ಇವತ್ತು ತೀರ್ಮಾನ ಆಗುತ್ತೆ ಸರ್."

"ಅದು ಅವರ ತೀರ್ಮಾನ. ನಾನು ನಿನ್ನೆ ತಾನೇ ಟಿವೀಲಿ ಹೇಳಿದೀನಿ. ಇವತ್ತು ಹೋಗಿ ಕೊಳವೆ ಉಲ್ಟಾ ಆಗಿತ್ತು ಅಂದ್ರೆ ಸಂಸ್ಥೆ ಮರ್ಯಾದೆ ಏನಾಗ್ಬೇಕು? ಇನ್ನೊಂದು ವಿಷಯ. ಬಾಣ ನಿಮ್ಮದು. ನೀವು ಬಾಯಿ ಬಿಟ್ರೆ ನಿಮ್ಮ ಕೆಲಸಾನೇ ಮೊದಲು ಹೋಗೋದು."

"ಹೋಗ್ಲಿ. ಆ ಬೀದೀಲಿ ನಮ್ಮಕ್ಕನ ಮನೆ ಇದೆ."

"ನಾನೂ ಅದನ್ನೇ ಹೇಳೋದು. ಇದರಲ್ಲಿ ನಿಮ್ಮ ಸ್ವಂತ ಹಿತಾಸಕ್ತಿ ಇದೆ."

ಅವರ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡು ಎತ್ತಿ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಕ್ಯಾಂಟೀನಿನಿಂದ ಒಂದು ಗಾಜಿನ ಶೀಷೆ ಇಸಕೊಂಡು, ಕೆರೆಯ ಕೆಸರು, ನೀರು ತುಂಬಿ ಚೀಲಕ್ಕೆ ಹಾಕಿಕೊಂಡೆ.

ಸಭೆಗೆ ತಗ್ಗಿನ ಬೀದಿಯ ಜನರೂ ಬಂದಿದ್ದರು. ಅಕ್ಕ ಗಿರಾಕಿಗಳನ್ನು ಬಿಟ್ಟು, ಕೊರಳಲ್ಲಿ ಅಳತೆಯ ಟೇಪಿನೊಂದಿಗೇ ಬಂದು ಮೂರನೇ ಸಾಲಿನಲ್ಲಿ ಕೂತಿದ್ದಳು. ಮೈಕಾಸುರರು ಮೈಕು ಹಿಡಿಯುವ ಮುಂಚೆ ನಾನು ಎದ್ದು ನಿಂತು ಶೀಷೆ ಕುಲುಕಿ ಅಧ್ಯಕ್ಷರ ಮೇಜಿನ ಮೇಲಿಟ್ಟೆ. ಎಲ್ಲರ ಕಣ್ಣೆದುರು ಮರಳು ತಳ ಸೇರಿತು, ಜೇಡಿ ಇನ್ನೂ ತೇಲುತ್ತಿತ್ತು. ಕೊಳವೆಯನ್ನು ಪಕ್ಕದಲ್ಲಿಟ್ಟು ತೋರಿಸಿದೆ. ಬಾಣ ನನ್ನದು, ತಪ್ಪು ನನ್ನದು, ವರದಿ ಹೇಳಿದ್ದಕ್ಕೆ ವಿರುದ್ಧವಾದದ್ದೇ ನಿಜ, ಬಿಸಿ ಏರಿದಾಗ ಈ ನದಿ ಉಕ್ಕಿದೆ ಎಂದೆ. ಗುಹೆಯಮ್ಮ ಎದ್ದು ಹೌದು ಎಂದಳು. ಇಂಜಿನಿಯರು ಓಡಿಬಂದು ಬಗ್ಗಿ ನೋಡಿದ.

ಅಧ್ಯಕ್ಷರು ಶೀಷೆ ನೋಡಲೇ ಇಲ್ಲ. "ಅಂದ್ರೆ ವರದಿ ತಪ್ಪು ಅಂತ ನೀವೇ ಒಪ್ಕೊಂಡ ಹಾಗಾಯ್ತು," ಎಂದರು.

"ಒಂದು ಕೊಳವೆ ತಿರುಗಿತ್ತು. ನೆಟ್ಟಗೆ ಇಟ್ರೆ ಲೆಕ್ಕ ಸರಿ."

"ತಪ್ಪು ಮಾಡಿದವರ ಮಾತು ನಂಬಿ ಮೂರು ಮೀಟರ್ ಕಟ್ಟೋಕಾಗುತ್ತಾ?"

"ಬೆಳಿಗ್ಗೆವರೆಗೂ ಅದೇ ಮಾತು ನಂಬಿ ಒಂದು ಮೀಟರ್ ಸಾಕು ಅಂತಿದ್ರಲ್ಲ!" ನನ್ನ ದನಿ ಏರಿತು. "ಆಗ ಕೆಸರು ದೇವರು, ಈಗ ಕೆಸರು ಕೊಳಕಾ?"

ಹಿಂದಿನಿಂದ ಅಕ್ಕ ಎದ್ದಳು. "ಸ್ವಾಮಿ, ನಾನು ಬಟ್ಟೆ ಹೊಲಿಯೋಳು. ಒಂದು ತೋಳು ತಿರುಗಾಮುರುಗಾ ಹೊಲಿದ್ರೆ ಹೊಲಿಗೆ ಬಿಚ್ಚಿ ಸರಿ ಮಾಡ್ತೀನಿ. ಅಂಗಿ ಎಸೆದು ಬರಿಮೈಲಿ ತಿರುಗಾಡಿ ಅಂತ ಗಿರಾಕಿಗೆ ಹೇಳಲ್ಲ."

ಜನ ನಕ್ಕರು. ಅಧ್ಯಕ್ಷರೂ ನಕ್ಕರು, ಅದೇ ನನಗೆ ಉರಿದದ್ದು. ಆಮೇಲೆ ಮೈಕಾಸುರರ ಕಡೆ ತಿರುಗಿ ಅಭಿಪ್ರಾಯ ಕೇಳಿದರು. ಹೌದು ಎಂಬ ಒಂದು ಮಾತು ಸಾಕಿತ್ತು. ಅವರು ಗಂಟಲು ಸರಿಮಾಡಿಕೊಂಡು, "ಇನ್ನಷ್ಟು ಅಧ್ಯಯನ ಆಗ್ಬೇಕು," ಎಂದರು. ಅಧ್ಯಯನ ಮುಗಿಯುವವರೆಗೆ ಸದ್ಯಕ್ಕೆ ಒಂದು ಮೀಟರ್ ಎಂದು ಅಧ್ಯಕ್ಷರು ಸದಸ್ಯರ ಕೈ ಎತ್ತಿಸಿದರು. ಇಂಜಿನಿಯರಿಗೆ ಕೈ ಎತ್ತುವ ಹಕ್ಕಿರಲಿಲ್ಲ. ನನ್ನನ್ನು ಕೆಲಸದಿಂದ ದೂರವಿಟ್ಟ ಆದೇಶ ಮೆಟ್ಟಿಲಿಳಿಯುವ ಮೊದಲೇ ಫೋನಿಗೆ ಬಂತು. ತಿದ್ದುಪಡಿಗೆ ಒಂದು ವರ್ಷ ಬೇಕೆಂದವರಿಗೆ ಇದಕ್ಕೆ ಹತ್ತು ನಿಮಿಷ ಸಾಕಾಯಿತು.

ಅಕ್ಕ ನನಗಿಂತ ಮುಂದೆ ಬಿರುಸಾಗಿ ನಡೆದು ಮನೆ ಸೇರಿದಳು. ಒಳಗೆ ಬಂದು ಭಾವನಿಗೆ ನೀರು ಕುಡಿಸಿ, ಬಾಯಿ ಒರೆಸಿ, ಆಮೇಲೆ ತಿರುಗಿದಳು.

"ಹನ್ನೊಂದು ವರ್ಷ. ಅಂಗಿ ಗುಂಡಿ ಒಂದು ಕೂದಲೆಳೆ ಆಚೀಚೆ ಆದ್ರೂ ನನ್ನನ್ನ ಬಿಡದೆ ಬೈತಿದ್ದೆ ನೀನು."

"ಹೌದು."

"ನಿನ್ನ ಮೇಲೆ ನಂಗೆ ಎಷ್ಟು ಸಿಟ್ಟಿದೆ ಗೊತ್ತಾ?"

"ಗೊತ್ತು."

"ಗೊತ್ತಿಲ್ಲ. ಇರಲಿ, ಅದು ಆಮೇಲೆ. ಆ ದಪ್ಪ ಪದರದ ನೀರು ನಮ್ಮನೇಲಿ ಎಲ್ಲಿವರೆಗೆ ಬರುತ್ತೆ, ಹೇಳು."

ಲೆಕ್ಕ ನನ್ನ ಜೇಬಿನಲ್ಲೇ ಇತ್ತು. ಒಂದು ಮೀಟರ್ ಎತ್ತರಿಸಿದ ಗೋಡೆ ದಾಟಿದರೆ ಈ ನೆಲದಿಂದ ಎರಡೂವರೆ ಮೀಟರ್. ಅಕ್ಕ ಕೊರಳಿನ ಟೇಪು ತೆಗೆದು ಭಾವನ ಮಂಚದ ಪಕ್ಕದ ಗೋಡೆಗೆ ಹಿಡಿದಳು. ಟೇಪು ಸಾಲಲಿಲ್ಲ. ಅದು ಮುಗಿದಲ್ಲಿ ಬೆರಳಿಟ್ಟು, ಕುರ್ಚಿ ಹತ್ತಿ ಮತ್ತೆ ಅಳೆದೆವು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನಾನು ಗೆರೆ ಎಳೆದೆ. ಗೆರೆ ಬಾಗಿಲ ಚೌಕಟ್ಟಿಗಿಂತ ಮೇಲಿತ್ತು. ಭಾವ ಮಲಗಿದಲ್ಲಿಂದಲೇ ಕಣ್ಣೆತ್ತಿ ಅದನ್ನು ನೋಡಿದರು.

ಅಕ್ಕ ಕುರ್ಚಿ ಹಿಡಿದೇ ನಿಂತಿದ್ದಳು. "ಶೀಷೆ ಗೀಷೆ ಬಿಟ್ಟು, ಈ ಗೆರೇನ ಅವರ ಸಭೆ ಕೋಣೇಲೇ ಎಳೆದು ತೋರಿಸ್ಬಾರ್ದಾಗಿತ್ತಾ?" ಎಂದಳು.

"ಅವರ ಸಭೆ ಕೋಣೆ ಗುಡ್ಡದ ಮೇಲಿದೆ ಅಕ್ಕ," ಎಂದೆ. "ಈ ಗೆರೆ ಅಲ್ಲಿಗೆ ಹೋಗಲ್ಲ."

ಅವಳು ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಹೋಗಿ ಪಕ್ಕದ ಮನೆಯ ಬಾಗಿಲು ಬಡಿದಳು.