ಎರಡು ಡಬ್ಬಿಯ ಗರಿಗಳು

ನನ್ನ ಗಂಡ ಸರ್ಕಸ್ಸಿನಲ್ಲಿ ಬಾಣ ಬಿಡುತ್ತಾರೆ, ನಾನು ಹಲಗೆಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ನನ್ನ ಎರಡು ಭುಜಗಳ ಮೇಲೆ ಒಂದೊಂದು, ನೆತ್ತಿಯ ಮೇಲೊಂದು, ಒಟ್ಟು ಮೂರು ಬಲೂನು ಹಲಗೆಗೆ ಅಂಟಿಸಿರುತ್ತೇವೆ. ಹತ್ತೊಂಬತ್ತು ವರ್ಷದಲ್ಲಿ ಮನೆಯ ಜಗಳದಲ್ಲಿ ಅವರು ತಪ್ಪಿದ್ದುಂಟು, ಹಲಗೆಯ ಮುಂದೆ ಒಮ್ಮೆಯೂ ತಪ್ಪಿರಲಿಲ್ಲ.

ಒಂದು ದಿನ ಬಾಣದಿಂದ ಸವೆದ ಗರಿ ಹೆರೆಯುವಾಗ ಚಾಕು ಜಾರಿ ನನ್ನ ಹೆಬ್ಬೆರಳು ಕೊಯ್ದುಹೋಯಿತು. ಬೆಳಿಗ್ಗೆ ನನ್ನ ಮೇಲೆ ಹರಿಹಾಯ್ದಿದ್ದ ಮನುಷ್ಯ ಬೆಣ್ಣೆಯಂತಾದರು.

"ಕೊಡಿಲ್ಲಿ, ಇವತ್ತು ನಾನೇ ಅಂಟಿಸ್ತೀನಿ. ನೀನು ಹೋಗಿ ಮಲ್ಕೋ."

ಸಂಜೆಯ ಹೊತ್ತಿಗೆ ಮೂರು ಬಾಣಕ್ಕೂ ಹೊಸ ಗರಿ ಅಂಟಿಸಿ, ದಾರ ಸುತ್ತಿ, ಬತ್ತಳಿಕೆಗೆ ಹಾಕಿಟ್ಟಿದ್ದರು. ನಾನು ತೆಗೆದು ನೋಡಲಿಲ್ಲ. ಅಪರೂಪಕ್ಕೆ ಕೆಲಸ ಮಾಡಿದ ಗಂಡನನ್ನು ಪರೀಕ್ಷೆ ಮಾಡಿದರೆ ಮುಖ ಊದಿಸಿಕೊಳ್ಳುತ್ತಾನೆ.

ಆಟ ಶುರುವಾಯಿತು. ಮೊದಲ ಬಾಣ ಬಾಲ ಒದರುತ್ತ ಬಂದು, ಎಡಭುಜದ ಬಲೂನು ಬಿಟ್ಟು ನನ್ನ ಎಡಗಿವಿಯಿಂದ ಎರಡು ಬೆರಳು ಆಚೆ ನಾಟಿತು. ಜನ ಗೊಳ್ಳೆಂದರು. ನಾನು ಕತ್ತು ಅಲ್ಲಾಡಿಸದೆ ಕಣ್ಣು ಮಾತ್ರ ಹೊರಳಿಸಿ ನೋಡಿದೆ. ಎರಡು ಗರಿ ಒಂದು ಕಡೆ ಬಾಗಿದ್ದವು, ಮೂರನೆಯದು ಇನ್ನೊಂದು ಕಡೆ.

ಹಕ್ಕಿಯ ಎಡ ರೆಕ್ಕೆಯ ಗರಿ ಬಾಗುವುದೇ ಬೇರೆ, ಬಲ ರೆಕ್ಕೆಯದು ಬಾಗುವುದೇ ಬೇರೆ. ಒಂದು ಬಾಣದ ಮೂರೂ ಗರಿ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಇಲ್ಲದಿದ್ದರೆ ಬಾಣ ಎತ್ತ ಹೋಗುತ್ತದೋ ಬಿಟ್ಟವನಿಗೂ ಗೊತ್ತಿರುವುದಿಲ್ಲ. ಅದಕ್ಕೇ ನಾನು ಗರಿಗೆ ಎರಡು ಡಬ್ಬಿ ಇಟ್ಟಿದ್ದೆ. ಎರಡೇಕೆ ಎಂದು ಅವರು ಕೇಳಿರಲಿಲ್ಲ. ಈ ಒಂದು ವಿದ್ಯೆಯಾದರೂ ನನ್ನ ಕೈಯಲ್ಲೇ ಇರಲಿ ಎಂಬ ಗತ್ತಿನಿಂದ ನಾನೂ ಹೇಳಿರಲಿಲ್ಲ.

ಹೋದ ಮಾನ ಮರಳಿ ಪಡೆಯಲು ಅವರು ಈ ಸಲ ನೇರವಾಗಿ ನೆತ್ತಿಯ ಬಲೂನಿಗೇ ಗುರಿಯಿಟ್ಟರು.

"ರೀ, ನಿಲ್ಸಿ," ಎಂದೆ.

"ಸುಮ್ನೆ ನಿಂತ್ಕೋ. ಈ ಸಲ ತಪ್ಪಲ್ಲ."

ಪಕ್ಕಕ್ಕೆ ಸರಿದರೆ, ಕಟ್ಟಿಕೊಂಡ ಹೆಂಡತಿಗೇ ಇವನ ಕೈ ಮೇಲೆ ನಂಬಿಕೆಯಿಲ್ಲ ಎಂದು ಇಷ್ಟು ಜನರ ಮುಂದೆ ಸಾರಿದಂತೆ. ಅವರು ಅದನ್ನು ಸಾಯುವತನಕ ಮರೆಯುವುದಿಲ್ಲ. ನಿಂತರೆ ನಾನು ಉಳಿಯುವುದಿಲ್ಲ. ಅವರ ಬಗ್ಗೆ ಅಯ್ಯೋ ಅನ್ನಿಸಿತು, ಆದರೂ ಜೀವಭಯವೇ ಗೆದ್ದಿತು. ನಾನು ಸರಿದೆ.

ಜನ ಕೂಗಿ ಗೇಲಿ ಮಾಡಿದರು. ನನ್ನ ಗಂಡನ ಮುಖ ಕೆಂಪಾಯಿತು. ಛಲಕ್ಕೆ ಬಿದ್ದು, ನಾನಿಲ್ಲದ ಹಲಗೆಯ ಮೇಲಿನ ಅದೇ ಬಲೂನಿಗೆ ಬಾಣ ಬಿಟ್ಟರು. ಅದು ಬಲೂನಿನಿಂದ ಒಂದು ಗೇಣು ಕೆಳಗೆ, ನನ್ನ ಹಣೆ ಇರುತ್ತಿದ್ದ ಜಾಗದಲ್ಲಿ ನಾಟಿತು.

ಗಲಾಟೆ ನಿಂತಿತು. ಅವರು ಬಿಲ್ಲು ಬಿಸಾಡಿ ಓಡಿಬಂದು ಆ ಬಾಣವನ್ನೇ ನೋಡುತ್ತ ನಿಂತರು.

"ನಿಮ್ಮ ಕೈ ತಪ್ಪಿಲ್ಲ," ಎಂದೆ. "ಎಡ ರೆಕ್ಕೆದು ಬಲ ರೆಕ್ಕೆದು ಸೇರಿಸಿ ಅಂಟಿಸಿದ್ದೀರಿ. ಹಾಗೆ ಅಂಟಿಸಬಾರ್ದು."

"ಹೇಳ್ಬಾರ್ದಿತ್ತಾ?"

"ಕೇಳ್ಬಾರ್ದಿತ್ತಾ?"

ಹತ್ತೊಂಬತ್ತು ವರ್ಷ ನನ್ನತ್ತ ಅಳುಕಿಲ್ಲದೆ ಬಾಣ ಬಿಟ್ಟ ಆ ಕೈ ನನ್ನ ಹಣೆಯವರೆಗೆ ಬಂದು, ಮುಟ್ಟಲಾರದೆ ನಿಂತಿತು.